‘ನಾವು ಅಂಥದ್ದೇನೂ ಮಾಡುವುದಿಲ್ಲ’

ಇಂಗ್ಲೆಂಡಿನ ಈವ್‌ಶಮ್ ಕಣಿವೆಯ ಒಂದು ಸಣ್ಣ ಪಟ್ಟಣಕ್ಕೆ ನಾನು ಬಂದು ಹದಿನಾಲ್ಕು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಪ್ರತಿ ಏಪ್ರಿಲ್ ತಿಂಗಳಲ್ಲೂ ಪರಿಚಯದ ಯಾರಾದರೊಬ್ಬ ಇಂಗ್ಲಿಷರನ್ನು ‘ಸಂತ ಜಾರ್ಜನ ದಿನ ನಿಮ್ಮಲ್ಲಿ ಏನು ವಿಶೇಷ?’ ಎಂದು ಕೇಳಿದ್ದೇನೆ, ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಉತ್ತರವನ್ನು ಪಡೆದಿದ್ದೇನೆ: ‘ನಾವು ಅಂಥದ್ದೇನೂ ಮಾಡುವುದಿಲ್ಲ.’ ಕೆಲವರು ಸ್ವಲ್ಪ ಯೋಚಿಸಿ, ಅದು ಈ ವಾರವೇ ಅಲ್ಲವೇ ಎಂದು ನನ್ನನ್ನೇ ಕೇಳುತ್ತಾರೆ. ಇನ್ನು ಕೆಲವರು ಐರಿಷರು ತಮ್ಮ ಸಂತ ಪ್ಯಾಟ್ರಿಕನ ದಿನವನ್ನು ಎಷ್ಟು ಸಂಭ್ರಮದಿಂದ ಆಚರಿಸುತ್ತಾರೆಂದು ವಿವರಿಸಿ, ನಮಗೆ ಅದು ಒಗ್ಗುವುದಿಲ್ಲ ಎಂದು ಮಾತು ಮುಗಿಸುತ್ತಾರೆ. ಒಂದು ನಾಡು ತನ್ನ ಪಾಲಕ ಸಂತನ ದಿನವನ್ನು ಹೀಗೆ ಪೂರ್ತಿಯಾಗಿ ಮರೆತುಬಿಡುವುದು ಸಾಧ್ಯವೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಈಗ ನನಗೆ ಆ ಉತ್ತರವೇ ಪೂರ್ತಿ ನಿಜವಲ್ಲವೆಂದು ತೋರುತ್ತದೆ. ಹಾಗೆ ಹೇಳಿದವರು ಸುಳ್ಳು ಹೇಳಿದರೆಂದು ನನ್ನ ಅರ್ಥವಲ್ಲ. ತಾವು ಪ್ರತಿ ವರ್ಷ ತಪ್ಪದೆ ಮಾಡುತ್ತಿರುವ ಒಂದು ಕೆಲಸಕ್ಕೆ ಆಚರಣೆ ಎಂಬ ಹೆಸರನ್ನು ಕೊಡಬಹುದೆಂದು ಅವರಿಗೆ ತೋಚಿಲ್ಲ.

ಮೊದಲ ವರ್ಷದ ಏಪ್ರಿಲ್ 23 ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಒಂದು ತಿಂಗಳ ಹಿಂದೆ, ಸಂತ ಪ್ಯಾಟ್ರಿಕನ ದಿನಕ್ಕೆಂದು, ನಾನು ಕೆಲಸ ಮಾಡುವ ಪ್ರಯೋಗಾಲಯದ ಚಹಾ ಕೋಣೆಯಲ್ಲಿ ಹಸಿರು ಕಾಗದದ ತೋರಣ ಕಟ್ಟಿದ್ದರು. ಅಲ್ಲಿದ್ದ ಬಹುಪಾಲು ಜನರಿಗೆ ಐರ್ಲೆಂಡಿನೊಂದಿಗೆ ಯಾವ ನಂಟೂ ಇರಲಿಲ್ಲ. ಹಾಗಿರುವಾಗ ಅವರದೇ ಸಂತನ ದಿನ ಇನ್ನೂ ಹೆಚ್ಚಿನ ಸಡಗರವಿರಬಹುದೆಂದು ನಾನು ಎಣಿಸಿದ್ದೆ. ಆ ದಿನ ಕೋಣೆಯಲ್ಲಿ ತೋರಣವಿರಲಿಲ್ಲ, ಸಿಹಿಯಿರಲಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಸಂತ ಆಂಡ್ರೂನ ದಿನಕ್ಕೂ ಉತ್ತರ ಐರ್ಲೆಂಡಿನಲ್ಲಿ ಸಂತ ಪ್ಯಾಟ್ರಿಕನ ದಿನಕ್ಕೂ ಸಾರ್ವಜನಿಕ ರಜೆ ಉಂಟು. ಇಂಗ್ಲೆಂಡಿನ ವರ್ಷದ ಎಂಟು ರಜೆಗಳಲ್ಲಿ ಸಂತ ಜಾರ್ಜನಿಗೆ ಜಾಗವಿಲ್ಲ. ಎದುರಿನ ಮೇಜಿನ ಹಿರಿಯ ಸಹೋದ್ಯೋಗಿಯನ್ನು ವಿಚಾರಿಸಿದಾಗ, ಆಕೆ ಕಡತದಿಂದ ತಲೆಯೆತ್ತಿ ಆ ಮಾತನ್ನೇ ಹೇಳಿದರು. ಅವರ ದನಿಯಲ್ಲಿ ಬೇಸರವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮಳೆ ಬರುವುದಿಲ್ಲ ಎಂದು ಹೇಳುವಂತೆ ಹೇಳಿದರು.

ಅದೇ ಸಂಜೆ ಪಕ್ಕದ ಮನೆಯ ಹಿರಿಯರು ನಮ್ಮ ಬಾಗಿಲು ತಟ್ಟಿದರು. ಅವರು ಜೀವಮಾನವೆಲ್ಲ ಈ ಕಣಿವೆಯಲ್ಲಿ ತರಕಾರಿ ಬೆಳೆದು ನಿವೃತ್ತರಾದವರು. ಎದುರಿಗೆ ನಾವೆಲ್ಲ ಇಲ್ಲಿಯ ರೂಢಿಯಂತೆ ಅವರನ್ನು ಹೆಸರಿನಿಂದಲೇ ಕರೆಯುತ್ತೇವೆ, ಮನೆಯೊಳಗೆ ನಮ್ಮ ಮಕ್ಕಳಿಗೆ ಅವರು ‘ಪಕ್ಕದಮನೆ ಅಜ್ಜ’. ಅವರ ಕೈಯಲ್ಲಿ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ಬಿಚ್ಚಿದರೆ ಬೆರಳು ದಪ್ಪದ, ತುದಿಯಲ್ಲಿ ನೇರಳೆ ಛಾಯೆಯ ಹಸಿರು ಆಸ್ಪರಾಗಸ್ ಕುಡಿಗಳು. ‘ಇವತ್ತು ಸಂತ ಜಾರ್ಜನ ದಿನ ಅಲ್ಲವೇ, ಇವತ್ತಿನಿಂದ ಕೊಯ್ಲು ಶುರು’ ಎಂದರು. ಅವರ ಹೆಗಲ ಹಿಂದೆ, ಅವರ ಮನೆಯ ಮೇಲಂತಸ್ತಿನ ಕಿಟಕಿಯಲ್ಲಿ, ಬಿಳಿಯ ಮೇಲೆ ಕೆಂಪು ಶಿಲುಬೆಯ ಒಂದು ಮಾಸಿದ ಬಾವುಟ, ಸಂತ ಜಾರ್ಜನ ಹೆಸರಿನ ಇಂಗ್ಲೆಂಡಿನ ಬಾವುಟ, ಇಳಿಬಿದ್ದಿತ್ತು. ಕತ್ತಲಾಗುವ ಮೊದಲು ಅವರು ಅದನ್ನು ಒಳಗೆ ತೆಗೆದುಕೊಂಡರು. ಎರಡು ದಿನ ಬಿಟ್ಟು ಬೇಲಿಯ ಬಳಿ ಮಾತಿಗೆ ಸಿಕ್ಕಾಗ, ನೀವು ಆ ಹಬ್ಬವನ್ನು ಆಚರಿಸುತ್ತೀರಿ ಎಂದು ತಿಳಿದು ಸಂತೋಷವಾಯಿತು ಎಂದೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿ, ‘ಇಲ್ಲಪ್ಪ, ನಾವು ಅಂಥದ್ದೇನೂ ಮಾಡುವುದಿಲ್ಲ’ ಎಂದರು.

ನೆಲದ ಪಂಚಾಂಗ

ಈ ಆಸ್ಪರಾಗಸ್‌ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಪುತ್ತೂರಿನ ಕಡೆಯ ಕಾಡಂಚಿನಲ್ಲಿ ಸಿಗುವ ಶತಾವರಿ, ಅಂದರೆ ಹಲವು ಮಕ್ಕಳ ತಾಯಿ ಬೇರು, ಇದರ ದಾಯಾದಿ. ನಾವು ಬೇರನ್ನು ಬಳಸುತ್ತೇವೆ, ಇವರು ನೆಲದಿಂದ ಆಗತಾನೇ ಮೇಲೆದ್ದ ಕುಡಿಯನ್ನು ತಿನ್ನುತ್ತಾರೆ. ಈವ್‌ಶಮ್ ಕಣಿವೆಯ ಆಸ್ಪರಾಗಸ್‌ಗೆ ದೇಶದಲ್ಲೆಲ್ಲ ಹೆಸರಿದೆ. ಇಲ್ಲಿಯ ಹಳಬರು ಅದನ್ನು ‘ಗ್ರಾಸ್’ ಎಂದಷ್ಟೇ ಕರೆಯುತ್ತಾರೆ. ಅದರ ಕಾಲ ಸಂತ ಜಾರ್ಜನ ದಿನಕ್ಕೆ ಆರಂಭವಾಗಿ ಜೂನ್ ಮೂರನೆಯ ವಾರದ ನಡುಬೇಸಿಗೆಯ ದಿನಕ್ಕೆ ಮುಗಿಯುತ್ತದೆ ಎಂಬುದು ಸಂಪ್ರದಾಯ. ಗಡ್ಡೆ ನೆಟ್ಟ ಮೇಲೆ ಎರಡು ಮೂರು ವರ್ಷ ಒಂದು ಕುಡಿಯನ್ನೂ ಮುಟ್ಟದೆ ಕಾಯಬೇಕು. ಕೊಯ್ಲು ಶುರುವಾದ ಮೇಲೆ ಕಾಯುವ ಹಾಗಿಲ್ಲ. ಬಿಸಿಲೇರಿದ ದಿನ ಒಂದು ಕುಡಿ ಕೆಲವು ಅಂಗುಲ ಬೆಳೆದುಬಿಡುತ್ತದೆ, ಪಕ್ಕದ ಇನ್ನೊಂದು ಇನ್ನೂ ಮಣ್ಣಿನಿಂದ ತಲೆ ಹೊರಹಾಕಿರುವುದಿಲ್ಲ. ಆದ್ದರಿಂದ ಬಾಗಿ ನೋಡುತ್ತ, ಒಂದೊಂದನ್ನೇ ಕೈಯಿಂದ ಕತ್ತರಿಸಬೇಕು. ನಡುಬೇಸಿಗೆಯ ನಂತರ ಕತ್ತಿ ಕೆಳಗಿಟ್ಟು ಉಳಿದ ಕುಡಿಗಳನ್ನು ಎತ್ತರಕ್ಕೆ ಬೆಳೆಯಲು ಬಿಟ್ಟರೆ ಮಾತ್ರ ಬರುವ ವರ್ಷಕ್ಕೆ ಬೇಕಾದ ಕಸುವು ಗಡ್ಡೆಯಲ್ಲಿ ಕೂಡಿಕೊಳ್ಳುತ್ತದೆ. ಈಗ ಬೆಚ್ಚನೆಯ ಹೊದಿಕೆಗಳ ಕೆಳಗೆ ಬೆಳೆದ ಫಸಲು ಮಾರ್ಚ್‌ನಲ್ಲೇ ಅಂಗಡಿಗೆ ಬರುತ್ತದೆ, ಪೆರುವಿನಿಂದ ವರ್ಷವಿಡೀ ಬರುತ್ತದೆ. ನಮ್ಮ ನೆರೆಯವರು ಮಾತ್ರ ಏಪ್ರಿಲ್ 23ರ ಮೊದಲು ತಿಂದದ್ದನ್ನು ನಾನು ಕಂಡಿಲ್ಲ.

ಇದೇ ತಿಂಗಳ ಇದೇ ದಿನಗಳಲ್ಲಿ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಬಗೆಯ ಬಿಳಿ ಅಣಬೆ ಏಳುತ್ತದೆ. ಅದರ ಹೆಸರೇ ಸಂತ ಜಾರ್ಜನ ಅಣಬೆ. ಹಳೆಯ ಮನೆಗಳಲ್ಲಿ ಡ್ಯಾಂಡೆಲಿಯನ್ ಹೂವಿನ ವೈನ್ ತಯಾರಿಸುವವರು ಅದೇ ದಿನ ಹೂ ಕೊಯ್ಯಬೇಕೆನ್ನುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವಂತೆ, ಕೃಷಿಕ ಬೇಸಾಯಕ್ಕೆ ತಿರುಗುವಂತೆ, ಇಲ್ಲಿಯೂ ಒಂದು ದಿನವು ನೆಲದ ಕೆಲಸಕ್ಕೆ ಗುರುತಾಗಿ ನಿಂತಿದೆ. ಪತ್ತನಾಜೆಯನ್ನು ಆಚರಿಸುತ್ತೀರಾ ಎಂದು ನನ್ನ ತಂದೆಯನ್ನು ಯಾರಾದರೂ ಕೇಳಿದ್ದರೆ ಅವರು ಏನು ಹೇಳುತ್ತಿದ್ದರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರೂ ಬಹುಶಃ, ಅದರಲ್ಲಿ ಆಚರಿಸುವುದೇನಿದೆ, ಅದು ಬರುತ್ತದೆ, ನಾವು ಕೆಲಸ ಶುರುಮಾಡುತ್ತೇವೆ ಎನ್ನುತ್ತಿದ್ದರು.

ಅಜ್ಜನ ಟ್ರಂಕಿನಲ್ಲಿದ್ದ ಹೆಸರು

ಈ ಸಂತನ ಹೆಸರು ನನಗೆ ಇಂಗ್ಲೆಂಡಿನಲ್ಲಿ ಹೊಸದಾಗಿ ಸಿಕ್ಕಿದ್ದಲ್ಲ. ನಮ್ಮ ಅಜ್ಜನ ಟ್ರಂಕಿನಲ್ಲಿ, ಭೂಮಿಯ ಕಾಗದಪತ್ರಗಳ ನಡುವೆ, ‘ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್’ ಎಂಬ ತಲೆಬರಹದ ಕೆಲವು ಹಳದಿಯಾದ ಹಾಳೆಗಳಿದ್ದವು. 1799ರಿಂದ 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು, ಮದರಾಸಿನ ಆಡಳಿತ ಸಂತ ಜಾರ್ಜನ ಹೆಸರಿನ ಕೋಟೆಯಲ್ಲಿತ್ತು. ನಮ್ಮ ಅಡಿಕೆ ತೋಟದ ಕಂದಾಯದ ಆಜ್ಞೆಗಳು ಹೊರಡುತ್ತಿದ್ದದ್ದು ಆ ಹೆಸರಿನ ಗೋಡೆಗಳ ಒಳಗಿನಿಂದ. ಚಿಕ್ಕವನಾಗಿದ್ದಾಗ ನಾನು ಆ ಜಾರ್ಜ್ ಎಂದರೆ ಯಾರೋ ಗವರ್ನರ್ ಇರಬೇಕೆಂದು ತಿಳಿದಿದ್ದೆ. ಅವನು ನಾಲ್ಕನೆಯ ಶತಮಾನದ ಆರಂಭದಲ್ಲಿ, ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಕಾಲದಲ್ಲಿ, ತನ್ನ ನಂಬಿಕೆಯನ್ನು ಬಿಡಲೊಪ್ಪದೆ ಪ್ರಾಣ ಕೊಟ್ಟ ಸೈನಿಕನೆಂದು ಪರಂಪರೆ ಹೇಳುತ್ತದೆ ಎಂಬುದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ತಂದೆಯ ಊರು ಈಗಿನ ಟರ್ಕಿಯಲ್ಲಿರುವ ಕಪಡೋಕಿಯ, ತಾಯಿಯ ಊರು ಪ್ಯಾಲೆಸ್ಟೈನ್‌ನ ಲಿಡ್ಡ ಎನ್ನುತ್ತಾರೆ. ಅವನು ಇಂಗ್ಲೆಂಡಿನಲ್ಲಿ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಡ್ರ್ಯಾಗನ್ ಅನ್ನು ಕೊಂದ ಕಥೆ ಅವನಿಗೆ ಅಂಟಿಕೊಂಡದ್ದು ಅದೆಷ್ಟೋ ಶತಮಾನಗಳ ನಂತರ, ಅದೂ ಲಿಬಿಯದ ಒಂದು ಊರಿನ ಕಥೆಯಾಗಿ.

ಇಂಥವನು ಇಂಗ್ಲಿಷರ ಸಂತನಾದದ್ದು ರಾಜರ ಇಚ್ಛೆಯಿಂದ. ಅದಕ್ಕೂ ಮೊದಲು ಇಲ್ಲಿಯವರೇ ಆದ ರಾಜ ಎಡ್ಮಂಡ್ ಮತ್ತು ರಾಜ ಎಡ್ವರ್ಡ್ ಈ ನಾಡಿನ ಸಂತರಾಗಿದ್ದರು. ಮೂರನೆಯ ಎಡ್ವರ್ಡ್ 1348ರಲ್ಲಿ ಗಾರ್ಟರ್ ಎಂಬ ವೀರಮಂಡಲಿಯನ್ನು ಕಟ್ಟಿದಾಗ ಅದನ್ನು ಜಾರ್ಜನ ರಕ್ಷಣೆಯಲ್ಲಿಟ್ಟನು. 1415ರಲ್ಲಿ ಇಂಗ್ಲಿಷರು ಫ್ರಾನ್ಸಿನ ಆಜಿನ್‌ಕೋರ್ಟ್‌ನ ಯುದ್ಧ ಗೆದ್ದ ಬಳಿಕ ಜಾರ್ಜನ ದಿನಕ್ಕೆ ಕ್ರಿಸ್ಮಸ್‌ಗೆ ಸರಿಸಮವಾದ ಸ್ಥಾನ ಸಿಕ್ಕಿತು. ಆ ಸ್ಥಾನ ಕರಗಿದ್ದು ನಿಧಾನವಾಗಿ. ಮೊದಲು ಧಾರ್ಮಿಕ ಸುಧಾರಣೆಯ ಕಾಲದಲ್ಲಿ ಸಂತರೆಲ್ಲ ಹಿಂದೆ ಸರಿದರು. ನಂತರ, 1707ರಲ್ಲಿ ಸ್ಕಾಟ್ಲೆಂಡಿನೊಂದಿಗೆ ಒಂದಾದ ಮೇಲೆ, ಇಂಗ್ಲಿಷರು ತಮ್ಮ ಹೆಸರನ್ನು ಬ್ರಿಟಿಷ್ ಎಂಬ ಇನ್ನೊಂದು ಹೆಸರಿನೊಳಗೆ ಇಟ್ಟರು. ಸಾಮ್ರಾಜ್ಯವನ್ನು ಆಳಿದ್ದು ಆ ಹೆಸರಿನಿಂದ. ದೊಡ್ಡ ಮನೆಯ ಯಜಮಾನನಿಗೆ ತನ್ನ ಕೋಣೆ ಯಾವುದೆಂದು ತೋರಿಸುವ ಅಗತ್ಯ ಬೀಳುವುದಿಲ್ಲ. ಉಳಿದವರಿಗೆ ಮಾತ್ರ ತಮ್ಮ ಕೋಣೆಯ ಬಾಗಿಲ ಮೇಲೆ ಹೆಸರು ಬರೆಯಬೇಕಾಗುತ್ತದೆ. ಸ್ಕಾಟ್, ವೆಲ್ಷ್, ಐರಿಷ್ ಜನರ ಸಂತರ ದಿನಗಳು ಗಟ್ಟಿಯಾಗಿ ಉಳಿದು ಇಂಗ್ಲಿಷರದು ತೆಳುವಾದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಇಂದಿಗೂ ಈ ಎರಡು ಹೆಸರುಗಳ ನಡುವಿನ ಗೆರೆ ಎಷ್ಟು ಮಸುಕಾಗಿದೆಯೆಂಬುದಕ್ಕೆ ಜನಗಣತಿಯೇ ಸಾಕ್ಷಿ. 2011ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 57.7ರಷ್ಟು ಜನ ತಮ್ಮ ರಾಷ್ಟ್ರೀಯ ಗುರುತು ‘ಇಂಗ್ಲಿಷ್’ ಮಾತ್ರ ಎಂದು ಬರೆಸಿದ್ದರು. 2021ರಲ್ಲಿ ಅದು ಶೇ. 14.9ಕ್ಕೆ ಇಳಿಯಿತು, ‘ಬ್ರಿಟಿಷ್’ ಮಾತ್ರ ಎಂದವರು ಶೇ. 19.1ರಿಂದ 54.8ಕ್ಕೆ ಏರಿದರು. ಹತ್ತು ವರ್ಷಗಳಲ್ಲಿ ಕೋಟ್ಯಂತರ ಜನರ ಮನಸ್ಸು ಹೀಗೆ ಹೊರಳಿತೆಂದು ಅರ್ಥವಲ್ಲ. ಎರಡನೆಯ ಸಲ ಇಂಗ್ಲೆಂಡಿನ ಪ್ರಶ್ನಾವಳಿಯಲ್ಲಿ ‘ಬ್ರಿಟಿಷ್’ ಎಂಬ ಆಯ್ಕೆಯನ್ನು ಎಲ್ಲಕ್ಕಿಂತ ಮೇಲೆ ಮುದ್ರಿಸಿದ್ದರು. ಈ ಬದಲಾವಣೆಗೆ ಅದೂ ಕಾರಣವಿರಬೇಕೆಂದು ಅಂಕಿಅಂಶ ಇಲಾಖೆಯೇ ಹೇಳಿತು. ಮೊದಲು ಕಣ್ಣಿಗೆ ಬಿದ್ದ ಹೆಸರಿಗೆ ಗುರುತು ಹಾಕಿ ಮುಂದೆ ಹೋಗುವಷ್ಟು ಸಲೀಸಾಗಿ ಇವರು ಎರಡೂ ಹೆಸರುಗಳನ್ನು ತೊಡುತ್ತಾರೆ.

ಭಾನುವಾರದ ಮೆರವಣಿಗೆ

ನನ್ನ ಅಭಿಪ್ರಾಯವನ್ನು ನಿಜಕ್ಕೂ ಬದಲಿಸಿದ್ದು 2024ರ ಏಪ್ರಿಲ್‌ನ ಒಂದು ಭಾನುವಾರ. ನಮ್ಮ ಮಗನಿಗೆ ಆಗ ಎಂಟು ವರ್ಷ, ಸ್ಕೌಟ್ ಚಳವಳಿಯ ಕಬ್ ವಿಭಾಗಕ್ಕೆ ಸೇರಿ ಕೆಲವು ತಿಂಗಳಾಗಿದ್ದವು. ಕಬ್‌ಗಳ ಮುಖ್ಯಸ್ಥರನ್ನು ಮಕ್ಕಳು ‘ಅಕೇಲಾ’ ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಎಲ್ಲ ಊರುಗಳ ಮಕ್ಕಳ ಬಾಯಲ್ಲಿ ಈ ಹಿಂದಿ ಶಬ್ದ ವಾರಕ್ಕೊಮ್ಮೆ ಸಹಜವಾಗಿ ಹೊರಳುತ್ತದೆ. ನಮ್ಮ ಊರಿನ ಅಕೇಲಾ ಯಾರೆಂದರೆ, ನಾನು ಬಂದ ಮೊದಲ ವರ್ಷ ‘ನಾವು ಅಂಥದ್ದೇನೂ ಮಾಡುವುದಿಲ್ಲ’ ಎಂದು ಕಡತದಿಂದ ತಲೆಯೆತ್ತಿ ಹೇಳಿದ್ದ ಅದೇ ಹಿರಿಯ ಸಹೋದ್ಯೋಗಿ. ಸಂತ ಜಾರ್ಜ್ ಸ್ಕೌಟರ ಪಾಲಕ ಸಂತ. ಅವನ ದಿನದಂದು ಒಳ್ಳೆಯ ಸ್ಕೌಟರೆಲ್ಲ ಗುಲಾಬಿ ಮುಡಿದು ಬಾವುಟ ಹಾರಿಸಬೇಕೆಂದು ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1908ರ ತಮ್ಮ ಕೈಪಿಡಿಯಲ್ಲೇ ಬರೆದಿದ್ದರು. ಅಂದಿನಿಂದ ಏಪ್ರಿಲ್ 23ಕ್ಕೆ ಹತ್ತಿರದ ಭಾನುವಾರ ಊರೂರಿನ ಸ್ಕೌಟರು ಮೆರವಣಿಗೆ ಹೋಗಿ ತಮ್ಮ ವಚನವನ್ನು ಹೊಸದಾಗಿ ನುಡಿಯುತ್ತಾರೆ. ನನ್ನ ಸಹೋದ್ಯೋಗಿ ಇಪ್ಪತ್ತು ವರ್ಷಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದರು. ಅದು ಅವರ ಲೆಕ್ಕದಲ್ಲಿ ಸ್ಕೌಟರ ಕೆಲಸ; ಸಂತ ಜಾರ್ಜನ ಹಬ್ಬ ಎಂಬುದು ಬೇರೆ ಯಾರೋ ಎಲ್ಲೋ ಮಾಡುವ ಇನ್ನೇನೋ.

ಮೆರವಣಿಗೆಗೆ ಒಂದು ವಾರವಿರುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು. ಸ್ಕೌಟ್ ವಚನದಲ್ಲಿ ದೇವರಿಗೆ ಸಲ್ಲಿಸುವ ಕರ್ತವ್ಯ ಎಂಬ ಮಾತು ಬರುತ್ತದೆ. ಹಿಂದೂ ಮಕ್ಕಳು ಅಲ್ಲಿ ‘ನನ್ನ ಧರ್ಮ’ ಎಂದು ಹೇಳಲು ನಿಯಮದಲ್ಲೇ ಅವಕಾಶವಿದೆ. ನಿಮ್ಮ ಮನೆಯಲ್ಲಿ ಯಾವುದು ಸರಿಯೆನ್ನಿಸುತ್ತದೆ, ಹುಡುಗನಿಗೆ ಯಾವುದು ಹಿತ, ವಿಚಾರಿಸಿ ತಿಳಿಸಿ ಎಂದರು. ನಾನು ಆ ರಾತ್ರಿ ಪುತ್ತೂರಿಗೆ ಫೋನ್ ಮಾಡಿ ಅಪ್ಪನಿಗೆ ಈ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡೂ ಒಂದೇ ಮಗಾ, ಆದರೆ ಅವರು ಕೇಳಿದರಲ್ಲ, ಅದು ದೊಡ್ಡದು. ಧರ್ಮ ಅಂತಲೇ ಹೇಳಲಿ’ ಎಂದರು.

ಆ ಭಾನುವಾರ ಬೆಳಿಗ್ಗೆ ಸಣ್ಣ ತುಂತುರು ಮಳೆ, ಕೈ ಮರಗಟ್ಟುವ ಚಳಿ. ಸಂತೆಪೇಟೆಯ ಚೌಕದಲ್ಲಿ ಮಕ್ಕಳು ಸಾಲುಗಟ್ಟಿ ನಿಂತಿದ್ದರು, ಆರು ವರ್ಷದ ಬೀವರ್ ಎಂಬ ಪುಟ್ಟ ಸ್ಕೌಟರಿಂದ ಹಿಡಿದು ಮೀಸೆ ಚಿಗುರಿದ ಹುಡುಗರವರೆಗೆ. ಮುಂದೆ ನಾಲ್ಕು ಬಾವುಟಗಳು, ಅವುಗಳ ಹಿಂದೆ ಒಂದೇ ಒಂದು ಡೋಲು. ಡೋಲು ಬಾರಿಸುತ್ತಿದ್ದ ಹುಡುಗಿಗೆ ಮಳೆಯ ಹನಿ ಕಣ್ಣಿಗೆ ಬೀಳುತ್ತಿದ್ದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ರಸ್ತೆಯ ಎರಡೂ ಬದಿಯಲ್ಲಿ ಅಪ್ಪ ಅಮ್ಮಂದಿರು, ಕೊಡೆ ಹಿಡಿದ ಅಜ್ಜ ಅಜ್ಜಿಯರು, ಬೇಕರಿಯ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡೇ ನಿಂತ ಹೆಂಗಸು. ಒಬ್ಬ ವೃದ್ಧರ ಟೊಪ್ಪಿಯಲ್ಲಿ ಒಂದು ಕೆಂಪು, ಒಂದು ಬಿಳಿ ಗುಲಾಬಿ ಸಿಕ್ಕಿಸಿತ್ತು. ವಿಚಾರಿಸಿದಾಗ ಅವರು ಫ್ಯುಸಿಲಿಯರ್ಸ್ ದಳದಲ್ಲಿದ್ದವರೆಂದು ತಿಳಿಯಿತು. ನಮ್ಮ ಪಕ್ಕದ ವಾರಿಕ್‌ಶೈರ್‌ನ ಹಳೆಯ ದಳವೂ ಸೇರಿದಂತೆ ನಾಲ್ಕು ದಳಗಳನ್ನು ಕೂಡಿಸಿ 1968ರ ಸಂತ ಜಾರ್ಜನ ದಿನದಂದೇ ಕಟ್ಟಿದ ದಳ ಅದು. ಏಪ್ರಿಲ್ 23ರಂದು ಅದರ ಸೈನಿಕರು ಈ ಎರಡು ಬಣ್ಣದ ಗುಲಾಬಿಗಳನ್ನು ಮುಡಿಯುತ್ತಾರೆ. ಚರ್ಚಿನ ಗೋಪುರದ ಮೇಲೆ ಕೆಂಪು ಶಿಲುಬೆಯ ಬಾವುಟ ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿತ್ತು. ಯಾರೂ ಜಯಕಾರ ಕೂಗಲಿಲ್ಲ. ಡೋಲಿನ ಸದ್ದು, ನೂರಾರು ಪುಟ್ಟ ಬೂಟುಗಳ ಸದ್ದು, ಅಷ್ಟೇ.

ಚರ್ಚಿನ ಒಳಗೆ ಪಾದ್ರಿಯವರು ಡ್ರ್ಯಾಗನ್‌ನ ಕಥೆಯನ್ನು ಎರಡೇ ವಾಕ್ಯದಲ್ಲಿ ಮುಗಿಸಿ, ಈ ಸಂತ ಎಲ್ಲಿಂದ ಬಂದವನೆಂದು ಮಕ್ಕಳನ್ನೇ ಕೇಳಿದರು. ಒಬ್ಬ ‘ವಿಂಡ್ಸರ್’ ಎಂದ, ಒಬ್ಬಳು ‘ಬರ್ಮಿಂಗ್‌ಹ್ಯಾಮ್’ ಎಂದಳು. ಅವರು ಗೋಡೆಗೆ ತೂಗುಹಾಕಿದ್ದ ನಕ್ಷೆಯಲ್ಲಿ ಕಪಡೋಕಿಯವನ್ನೂ ಲಿಡ್ಡವನ್ನೂ ತೋರಿಸಿ, ಬೆತ್ಲೆಹೇಮಿನ ಹತ್ತಿರದ ಅಲ್ ಖಾದರ್ ಎಂಬ ಊರಿನಲ್ಲಿ ಇಂದಿಗೂ ಕ್ರೈಸ್ತರೂ ಮುಸ್ಲಿಮರೂ ಅವನಿಗೆ ಹರಕೆ ಸಲ್ಲಿಸುತ್ತಾರೆಂದು ಹೇಳಿದರು. ಆಮೇಲೆ ಎಲ್ಲರೂ ಎದ್ದು ನಿಂತು, ಮೂರು ಬೆರಳು ಎತ್ತಿ ವಂದಿಸಿ ವಚನ ನುಡಿದರು. ಅಷ್ಟೊಂದು ಮಕ್ಕಳ ದನಿಯಲ್ಲಿ ನನ್ನ ಮಗನ ದನಿ ನನಗೆ ಬೇರೆಯಾಗಿ ಕೇಳಿಸುವ ಸಾಧ್ಯತೆಯೇ ಇರಲಿಲ್ಲ. ಆದರೂ ಅವನ ತುಟಿಗಳನ್ನೇ ನೋಡುತ್ತಿದ್ದ ನನಗೆ, ಉಳಿದವರ ಒಂದು ಶಬ್ದ ಮುಗಿಯುವ ಹೊತ್ತಿಗೆ ಅವನ ಎರಡು ಶಬ್ದಗಳು ಇನ್ನೂ ಮುಗಿಯುತ್ತಿದ್ದದ್ದು ಕಾಣಿಸಿತು: ‘ನನ್ನ ಧರ್ಮಕ್ಕೂ ರಾಜನಿಗೂ.’ ಎದುರಿನ ಸಾಲಿನಲ್ಲಿ ನಿಂತಿದ್ದ ನನ್ನ ಸಹೋದ್ಯೋಗಿಯೂ ಅದನ್ನು ಗಮನಿಸಿದರೆಂದು ತೋರುತ್ತದೆ. ಅವರು ಮುಂದಿನ ಮಾತಿಗೆ ಹೋಗುವ ಮೊದಲು ಅರೆಕ್ಷಣ ತಡೆದರು, ಅವನು ಎಲ್ಲರ ಜೊತೆ ಸೇರಿಕೊಂಡ. ನಾನು ಇಂಗ್ಲೆಂಡಿನಲ್ಲಿ ಕಂಡ ಅತ್ಯಂತ ಸೌಜನ್ಯದ ಗಳಿಗೆ ಅದು.

(ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಚರ್ಚಿನ ಲೆಕ್ಕದಲ್ಲಿ ಈ ದಿನ ಯಾವಾಗಲೂ ಏಪ್ರಿಲ್ 23ಕ್ಕೇ ಬರುವುದಿಲ್ಲ. ಅದು ಈಸ್ಟರ್‌ನ ಹಿಂದುಮುಂದಿನ ವಾರಗಳಲ್ಲಿ ಬಿದ್ದರೆ ಹಬ್ಬವನ್ನು ಮುಂದೂಡುತ್ತಾರೆ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದುದರಿಂದ ಇಂಗ್ಲೆಂಡಿನ ಚರ್ಚ್ ಸಂತ ಜಾರ್ಜನನ್ನು 28ರ ಸೋಮವಾರಕ್ಕೆ ಸರಿಸಿತು. ಊರಿನ ಪಬ್ಬುಗಳು 23ನ್ನೇ ಹಿಡಿದು ನಿಂತವು. ಅಷ್ಟಮಿ ಯಾವ ದಿನವೆಂದು ಎರಡು ಪಂಚಾಂಗಗಳು ಎರಡು ಮಾತು ಹೇಳುವುದನ್ನು ನೋಡಿಯೇ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.)

ಪಬ್ಬುಗಳ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ಏಪ್ರಿಲ್ 23ರ ಸಂಜೆ ಅನೇಕ ಪಬ್ಬುಗಳು ಬಾವುಟದ ತೋರಣ ಕಟ್ಟಿ, ಹುರಿದ ಗೋಮಾಂಸ, ಯಾರ್ಕ್‌ಷೈರ್ ಪುಡ್ಡಿಂಗ್ ಬಡಿಸುತ್ತವೆ. ಕಾಲಿಗೆ ಗೆಜ್ಜೆ ಕಟ್ಟಿ ಕರವಸ್ತ್ರ ಬೀಸುತ್ತ ಕುಣಿಯುವ ಮಾರಿಸ್ ತಂಡಗಳು ಬರುತ್ತವೆ. ಒಂದು ವರ್ಷ ಹತ್ತಿರದ ಹಳ್ಳಿಯ ಪಬ್ಬಿನ ಅಂಗಳದಲ್ಲಿ ಮಮ್ಮರ್ಸ್ ಎಂಬ ಜನಪದ ಆಟವನ್ನು ನೋಡಿದೆ. ಅದು ಸಾಮಾನ್ಯವಾಗಿ ಕ್ರಿಸ್ಮಸ್ ಕಾಲದ್ದು, ಆ ತಂಡ ಸಂತನ ದಿನಕ್ಕೂ ಆಡುತ್ತಿತ್ತು. ವೇಷಧಾರಿ ರಂಗಕ್ಕೆ ಬಂದು ‘ಇಗೋ ಬಂದೆನು ನಾನು, ಸಂತ ಜಾರ್ಜ್’ ಎಂದು ತನ್ನನ್ನು ತಾನೇ ಪರಿಚಯಿಸಿಕೊಂಡಾಗ, ಯಕ್ಷಗಾನದ ಒಡ್ಡೋಲಗಗಳನ್ನು ನೋಡಿ ಬೆಳೆದ ನನ್ನ ಮೈ ಜುಮ್ಮೆಂದಿತು. ಅವನು ಟರ್ಕಿಯ ವೀರನೊಬ್ಬನನ್ನು ಎದುರಿಸುತ್ತಾನೆ, ಒಬ್ಬ ಬೀಳುತ್ತಾನೆ, ನಗೆಯಾಟದ ವೈದ್ಯನೊಬ್ಬ ಬಂದು ಸತ್ತವನನ್ನು ಎಬ್ಬಿಸುತ್ತಾನೆ. ಆಟ ಮುಗಿದಾಗ ಯಾರೂ ಸತ್ತಿರುವುದಿಲ್ಲ. ಜಾರ್ಜನ ತಂದೆಯ ಊರು ಈಗಿನ ಟರ್ಕಿಯಲ್ಲೇ ಇದೆಯೆಂಬುದನ್ನು ನೆನೆದರೆ ಆ ಜಗಳ ದಾಯಾದಿಗಳದ್ದೇ ಆಗುತ್ತದೆ.

ಇದೇ ದಿನ ಈ ಸೀಮೆಯಲ್ಲಿ ನಿಜವಾಗಿ ದೊಡ್ಡ ಮೆರವಣಿಗೆ ನೋಡಬೇಕೆಂದರೆ ಏವನ್ ನದಿಯ ಜಾಡಿನಲ್ಲಿ ಮೇಲಕ್ಕೆ, ಸ್ಟ್ರಾಟ್‌ಫರ್ಡ್‌ಗೆ ಹೋಗಬೇಕು. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರ ಏಪ್ರಿಲ್ 23ರಂದು, ಹುಟ್ಟಿದ್ದೂ ಅದೇ ದಿನವೆಂದು ನಂಬಿಕೆ. ಆ ವಾರಾಂತ್ಯದಲ್ಲಿ ಊರಿಗೆ ಊರೇ ಹೂ ಹಿಡಿದು ಅವನ ಸಮಾಧಿಯಿರುವ ಚರ್ಚಿಗೆ ನಡೆಯುತ್ತದೆ. ಸಂತನ ಹೆಸರಿನಲ್ಲಿ ಹಿಂಜರಿಯುವ ಜನ ಕವಿಯ ಹೆಸರಿನಲ್ಲಿ ಮನಬಿಚ್ಚಿ ನಡೆಯುವುದನ್ನು ಕಂಡು ನನಗೆ ಗೌರವವೂ ಉಂಟಾಯಿತು, ಒಂದು ಬಗೆಯ ನೋವೂ ಆಯಿತು. ಕವಿಯ ಬಾವುಟದ ಬಗ್ಗೆ ಯಾರಿಗೂ ಅಂಜಿಕೆಯಿಲ್ಲ.

ಬಾವುಟ

ಅಂಜಿಕೆ ಎಂಬ ಮಾತನ್ನು ತಿಳಿದೇ ಬರೆದಿದ್ದೇನೆ. ಈ ಹಬ್ಬದ ಬಗೆಗಿನ ಮೌನದಲ್ಲಿ ಅರ್ಧ ಹಳೆಯ ಅಭ್ಯಾಸವಾದರೆ ಇನ್ನರ್ಧ ಬಾವುಟದ ಮೇಲಿನ ಜಗಳ. 1966ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ವಿಶ್ವಕಪ್ ಗೆದ್ದ ದಿನ ಪ್ರೇಕ್ಷಕರ ಕೈಯಲ್ಲಿದ್ದದ್ದು ಇಡೀ ಬ್ರಿಟನ್ನಿನ ಬಾವುಟವಾದ ಯೂನಿಯನ್ ಜ್ಯಾಕ್. ಸಂತ ಜಾರ್ಜನ ಬಾವುಟ ಸಾಮಾನ್ಯರ ಕೈಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1996ರ ಯುರೋಪಿಯನ್ ಪಂದ್ಯಾವಳಿಯಲ್ಲಿ. ಆದರೆ ವಲಸಿಗರ ವಿರುದ್ಧ ಬೀದಿಗಿಳಿದ ಗುಂಪುಗಳೂ ಅದನ್ನು ಹಿಡಿದವು, ಅದರಿಂದ ಬಹಳ ಜನ ಸಭ್ಯ ಇಂಗ್ಲಿಷರು ಅದನ್ನು ಮುಟ್ಟಲು ಹಿಂದೆಗೆದರು. ಆ ಹಿಂದೆಗೆತವೂ ಕೆಲವೊಮ್ಮೆ ತಿರಸ್ಕಾರದಂತೆ ಕಂಡಿತು. 2014ರಲ್ಲಿ, ಮನೆಯ ಮುಂದೆ ಬಾವುಟಗಳನ್ನು ತೂಗುಹಾಕಿದ್ದ ಒಂದು ಮನೆಯ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಲೇಬರ್ ಪಕ್ಷದ ಸಂಸದೆ ಎಮಿಲಿ ಥಾರ್ನ್‌ಬರಿ, ದುಡಿಯುವ ಜನರನ್ನು ಹಗುರವಾಗಿ ಕಂಡರೆಂಬ ಆಕ್ಷೇಪಕ್ಕೆ ಗುರಿಯಾಗಿ, ಪ್ರತಿಪಕ್ಷದ ಮುಂದಿನ ಸಾಲಿನ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು.

2025ರ ಬೇಸಿಗೆಯ ಕೊನೆಯಲ್ಲಿ ದೇಶದ ಹಲವು ಊರುಗಳ ದೀಪದ ಕಂಬಗಳಿಗೆ ರಾತ್ರೋರಾತ್ರಿ ಬಾವುಟಗಳನ್ನು ಕಟ್ಟಿದರು, ರಸ್ತೆಯ ವೃತ್ತಗಳ ಮೇಲೆ ಕೆಂಪು ಶಿಲುಬೆಯನ್ನು ಬಳಿದರು. ನಮ್ಮ ರಸ್ತೆಯಲ್ಲಿ ಹನ್ನೊಂದು ಕಂಬಗಳಿಗೆ ಕಟ್ಟಿದ್ದರು. ಕಟ್ಟಿದವರೆಲ್ಲ ಒಂದೇ ಮನಸ್ಸಿನವರಲ್ಲವೆಂದು ನನಗೆ ಗೊತ್ತು. ಊರಿನ ಮೇಲಿನ ಪ್ರೀತಿಯಿಂದಲೇ ಏಣಿ ಹತ್ತಿದವರೂ ಅವರಲ್ಲಿರಬಹುದು. ಆದರೆ ಅದನ್ನು ಯಾರು ಕಟ್ಟಿದರು, ಯಾರಿಗೆ ತೋರಿಸಲು ಕಟ್ಟಿದರು ಎಂದು ತಿಳಿಯದೆ ಅದರ ಕೆಳಗೆ ಮಕ್ಕಳ ಕೈ ಹಿಡಿದು ಶಾಲೆಗೆ ನಡೆಯುವುದು ಕಷ್ಟವಾಯಿತು. ಮೂರನೆಯ ದಿನ ಸಂಜೆ ಪಕ್ಕದಮನೆಯ ಹಿರಿಯರು ಬಂದು, ಒಳಗೆ ಕರೆದರೂ ಬರದೆ, ಹೊಸ್ತಿಲಿನಲ್ಲಿ ನಿಂತೇ ಕೇಳಿದರು: ‘ಇದರಿಂದ ನಿಮಗೆ ಮನಸ್ಸಿಗೆ ಕಷ್ಟವಾಗುತ್ತಿದೆಯೇ?’ ನಾನು ಹೌದು ಎಂದೆ. ಸುಳ್ಳು ಹೇಳಲು ಅವರ ಮುಖ ನೋಡಿ ಮನಸ್ಸು ಬರಲಿಲ್ಲ. ಅವರು ತಲೆಯಾಡಿಸಿ, ಏನೂ ಹೇಳದೆ ಹೋದರು.

ಈ ವರ್ಷದ ಏಪ್ರಿಲ್ 23 ಗುರುವಾರ ಬಂತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಭ್ಯಾಸದಂತೆ ಅವರ ಮೇಲಂತಸ್ತಿನ ಕಿಟಕಿಯನ್ನು ನೋಡಿದೆ. ಬಾವುಟವಿರಲಿಲ್ಲ. ಸಂಜೆ ಅವರು ಪತ್ರಿಕೆಯಲ್ಲಿ ಸುತ್ತಿದ ಕಟ್ಟನ್ನು ತಪ್ಪದೆ ತಂದುಕೊಟ್ಟರು. ಬಾವುಟವೇಕೆ ಹಾಕಲಿಲ್ಲವೆಂದು ಕೇಳಿದೆ. ನನಗಾಗಿ ಹಾಗೆ ಮಾಡಿದ್ದರೆ ದಯವಿಟ್ಟು ಬೇಡ, ನಿಮ್ಮ ಕಿಟಕಿಯಲ್ಲಿರುವುದು ನನಗೆ ಎಂದೂ ಭಯ ಹುಟ್ಟಿಸಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆಗೆ ನೋಡಿದರು. ಚಳಿಗಾಲದ ಗಾಳಿಗೆ ಸಿಕ್ಕ ಎರಡು ಮೂರು ಬಾವುಟಗಳು ಕಂಬಗಳ ಮೇಲೆ ಇನ್ನೂ ಚಿಂದಿಯಾಗಿ ನೇತಾಡುತ್ತಿದ್ದವು. ‘ನನ್ನ ತಂದೆ ಹಾಕುತ್ತಿದ್ದರು, ಸಂಜೆಗೆ ತೆಗೆಯುತ್ತಿದ್ದರು. ಬಾವುಟವನ್ನು ಹೀಗೆ ಹರಿಯಲು ಬಿಡಬಾರದು’ ಎಂದರು. ‘ಅದೆಲ್ಲ ಇಳಿಯಲಿ. ನನ್ನದು ಡ್ರಾಯರಿನಲ್ಲಿದೆ.’

ಅವರ ತಂದೆಯ ಕಾಲದಿಂದ ವರ್ಷಕ್ಕೊಂದು ಹಗಲು ಹೊರಗೆ ಬರುತ್ತಿದ್ದ ಬಟ್ಟೆಯೊಂದು ಈ ವರ್ಷ ಮಡಿಕೆಯಲ್ಲೇ ಉಳಿಯಿತು ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಆ ಕಂಬಗಳ ಮೇಲಿನ ಹನ್ನೊಂದು ಬಾವುಟಗಳಿಂದ ನಾನು ಕಳೆದುಕೊಂಡದ್ದಕ್ಕಿಂತ ಅವರು ಕಳೆದುಕೊಂಡದ್ದು ಹೆಚ್ಚು.

ಅದೇ ವಾರದ ಭಾನುವಾರ ಸ್ಕೌಟರ ಮೆರವಣಿಗೆ ಎಂದಿನಂತೆ ನಡೆಯಿತು. ಡೋಲಿನ ಹುಡುಗಿ ಈಗ ಎತ್ತರವಾಗಿದ್ದಾಳೆ. ಹತ್ತು ವರ್ಷದ ನಮ್ಮ ಮಗ ಈ ಸಲ ಬಾವುಟ ಹಿಡಿದವರ ಪಕ್ಕದಲ್ಲಿ, ಬೆಂಗಾವಲಿನವನಾಗಿ ನಡೆದ. ಹಿರಿಯರು ಬೇಕರಿಯ ಪಕ್ಕ, ಗೋಡೆಗೆ ಆತುಕೊಂಡು ನಿಂತಿದ್ದರು. ಕೆಂಪು ಶಿಲುಬೆಯ ಬಾವುಟ ಅವರ ಎದುರಿಗೆ ಬಂದಾಗ ಗೋಡೆಯನ್ನು ಬಿಟ್ಟು ನೆಟ್ಟಗೆ ನಿಂತು, ಟೊಪ್ಪಿ ತೆಗೆದು ಎದೆಗೆ ಹಿಡಿದರು. ಕೊನೆಯ ಬೀವರ್ ದಾಟಿಹೋಗುವವರೆಗೂ ಹಾಗೆಯೇ ನಿಂತರು. ಆಮೇಲೆ ಟೊಪ್ಪಿ ಹಾಕಿಕೊಂಡು ನನ್ನ ಕಡೆ ತಿರುಗಿ, ರಾತ್ರಿ ಇನ್ನೂ ಚಳಿಯಿದೆ, ಈ ವರ್ಷ ಗ್ರಾಸ್ ಕಟ್ಟು ತುಂಬಲು ಇನ್ನೊಂದು ವಾರ ಬೇಕು ಎಂದರು.